ದಂಡಿನಲ್ಲಿದ್ದ ಒಡೆಯ, ಊರಲ್ಲಿದ್ದ ಹೊಲ

 

ನಾನು ಮಾತುಗಾರನಲ್ಲ. ಮೂವತ್ನಾಲ್ಕು ವರ್ಷ ಸರ್ಕಾರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದವನು. ಕಾಲುವೆ, ಅಡ್ಡಗಟ್ಟು, ಅಳತೆ ಪುಸ್ತಕ, ಇವೇ ನನ್ನ ಲೋಕ. ಕಾಯಕದ ಬಗ್ಗೆ ನಾಲ್ಕು ಮಾತಾಡಬೇಕೆಂದು ಅಪ್ಪಣೆಯಾಗಿದೆ. ನನ್ನ ಅನುಭವಕ್ಕೆ ಬರುವ ಮುಂಚೆ ದೂರದೇಶದ ಒಬ್ಬ ಒಕ್ಕಲಿಗನ ಸಂಗತಿ ಹೇಳುತ್ತೇನೆ. ಅವರ ಪತ್ರಗಳ ವಿಷಯ ಓದಿದ ಮೇಲೆಯೇ ನಾನು ಬರೆದ ಪತ್ರಗಳ ಕಡೆ ನನ್ನ ಗಮನ ಹೋಯಿತು.

ಆ ಒಕ್ಕಲಿಗ ಜಾರ್ಜ್ ವಾಷಿಂಗ್ಟನ್. ಅಮೆರಿಕದ ಮೊದಲ ಅಧ್ಯಕ್ಷರೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವರು ತಮ್ಮನ್ನು ಮುಖ್ಯವಾಗಿ ರೈತನೆಂದೇ ತಿಳಿದಿದ್ದರು. ವರ್ಜೀನಿಯಾದಲ್ಲಿ ಪೊಟೊಮ್ಯಾಕ್ ನದಿಯ ದಂಡೆಯ ಮೇಲೆ ಮೌಂಟ್ ವರ್ನನ್ ಎಂಬುದು ಅವರ ಹೊಲಮನೆ. ತಂಬಾಕು ಬಿಟ್ಟು ಗೋಧಿಗೆ ತಿರುಗಿದ್ದರು, ಸ್ವಂತ ಹಿಟ್ಟಿನ ಗಿರಣಿ ಕಟ್ಟಿಸಿದ್ದರು. 1775ರ ಜೂನ್‌ನಲ್ಲಿ ಬ್ರಿಟಿಷರ ವಿರುದ್ಧದ ಸೇನೆಗೆ ದಂಡನಾಯಕರಾದರು. ಸಂಬಳ ಬೇಡ, ಖರ್ಚಿನ ಲೆಕ್ಕವಷ್ಟೇ ಕೊಡುತ್ತೇನೆ ಎಂದರು. ಆಮೇಲೆ ಮನೆಯ ಹೊಸ್ತಿಲು ತುಳಿದದ್ದು 1781ರ ಸೆಪ್ಟೆಂಬರ್‌ನಲ್ಲಿ, ಅದೂ ಇನ್ನೊಂದು ಕಾಳಗಕ್ಕೆ ಹೋಗುವ ದಾರಿಯಲ್ಲಿ. ಆರು ವರ್ಷಕ್ಕೂ ಹೆಚ್ಚು ಕಾಲ ಮನೆ ಕಾಣಲಿಲ್ಲ. ಮನೆ, ಹೊಲ ನೋಡಿಕೊಂಡವರು ಲುಂಡ್ ವಾಷಿಂಗ್ಟನ್ ಎಂಬ ದೂರದ ಸಂಬಂಧಿ. ಇಬ್ಬರ ನಡುವೆ ಇದ್ದದ್ದು ಕಾಗದವೊಂದೇ.

1776ರ ಆಗಸ್ಟ್ 19. ವಾಷಿಂಗ್ಟನ್ ನ್ಯೂಯಾರ್ಕಿನಲ್ಲಿದ್ದಾರೆ. ಎದುರಿಗೆ ಬ್ರಿಟಿಷರ ನೌಕಾಪಡೆ ಲಂಗರು ಹಾಕಿ ನಿಂತಿದೆ. ಎಂಟು ದಿನ ಕಳೆದರೆ ಲಾಂಗ್ ಐಲೆಂಡ್ ಕಾಳಗ, ಅದರಲ್ಲಿ ಅವರಿಗೆ ಸೋಲು. ಅಂಥ ಹೊತ್ತಿನಲ್ಲಿ ಲುಂಡ್‌ಗೆ ಬರೆಯುತ್ತಾರೆ: ಮನೆಯ ಎರಡೂ ಬದಿಗೆ ತೋಪು ಹಾಕಿಸು, ಉತ್ತರಕ್ಕೆ ಲೋಕಸ್ಟ್ ಮರ, ದಕ್ಷಿಣಕ್ಕೆ ಹೂಬಿಡುವ ಮರ, ಸಾಲು ಹಿಡಿಯದೆ ಅಲ್ಲಲ್ಲಿ ನೆಡಿಸು. ಮುಂದಿನ ತಿಂಗಳು ಇನ್ನೊಂದು ಪತ್ರ. ಹೊಸ ಕೋಣೆಯ ಒಲೆಗೂಡು ಗೋಡೆಯ ನಟ್ಟನಡುವೆಯೇ ಬರಬೇಕು ಎಂದು. ಇಂಜಿನಿಯರ್ ಆದ ನನಗೆ ಇದನ್ನು ಓದಿ ಬಹಳ ಸಂತೋಷವಾಯಿತು. ಸೈಟಿನಲ್ಲಿ ಇಲ್ಲದೆಯೂ ಗೋಡೆಯ ನಡುಗೆರೆ ಮರೆಯದ ಮನುಷ್ಯ!

ಅದಕ್ಕಿಂತ ಮೊದಲಿನ ಪತ್ರ ಇನ್ನೂ ದೊಡ್ಡದು. 1775ರ ನವೆಂಬರ್‌ನಲ್ಲಿ ಬಾಸ್ಟನ್ ಪಕ್ಕದ ಶಿಬಿರದಿಂದ ಬರೆದದ್ದು. ಮನೆಗೆ ಬಂದ ಬಡವರು ಹಸಿದು ಹೋಗಬಾರದು, ಕೊರತೆಯಲ್ಲಿರುವವರಿಗೆ ಕಾಳು ಕೊಡು, ಅದರಿಂದ ಸೋಮಾರಿತನ ಬೆಳೆಯದಂತೆ ನೋಡಿಕೋ, ವರ್ಷಕ್ಕೆ 40-50 ಪೌಂಡ್ ದಾನಕ್ಕೆ ಖರ್ಚಾದರೂ ಅಡ್ಡಿಯಿಲ್ಲ ಎಂಬುದು ಅದರ ಸಾರ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಡೆಯ ದಂಡಿನಲ್ಲಿದ್ದರೂ ದಾಸೋಹ ನಿಲ್ಲಬಾರದು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಭಾಷಣಕ್ಕೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಅರ್ಧ ಅಳತೆ ಬರೆದು ಸಹಿ ಹಾಕುವುದು ತಪ್ಪು.

ಆ ತೋಪಿಗೆ ಗುಂಡಿ ತೋಡಿದವರು ಯಾರು? ಆ ಗೋಧಿ ಬೆಳೆದವರು ಯಾರು? ಆಫ್ರಿಕಾ ಮೂಲದ ಗುಲಾಮರು. ಒಡೆಯ ಹೋರಾಡುತ್ತಿದ್ದದ್ದು ಸ್ವಾತಂತ್ರ್ಯಕ್ಕೆ. ಅವರ ಹೊಲದಲ್ಲಿ ದುಡಿಯುವವರಿಗೆ ಸ್ವಾತಂತ್ರ್ಯವಿಲ್ಲ. 1781ರ ಏಪ್ರಿಲ್‌ನಲ್ಲಿ ಸ್ಯಾವೇಜ್ ಎಂಬ ಬ್ರಿಟಿಷ್ ಯುದ್ಧನೌಕೆ ಪೊಟೊಮ್ಯಾಕ್ ನದಿಗೆ ಬಂತು. ಹದಿನೇಳು ಜನ ಅದನ್ನೇರಿ ಹೋದರು. ಹದಿನಾಲ್ಕು ಗಂಡಸರು, ಮೂವರು ಹೆಂಗಸರು. ಲುಂಡ್ ಅವರ ಪಟ್ಟಿ ಬರೆದಿಟ್ಟರು. ಅದರಲ್ಲಿ ಇಟ್ಟಿಗೆ ಮಾಡುವವನಿದ್ದಾನೆ, ಪೀಪಾಯಿ ಕಟ್ಟುವವನಿದ್ದಾನೆ, ಡೆಬೊರಾ ಎಂಬ ಹದಿನಾರರ ಹುಡುಗಿ ಇದ್ದಾಳೆ.

ಮನೆ ಉಳಿಸಿಕೊಳ್ಳಲು ಲುಂಡ್ ಹಡಗಿಗೆ ಹೋಗಿ ವೈರಿಗೆ ಆಹಾರ ಕೊಟ್ಟರು. ವಾಷಿಂಗ್ಟನ್ ಸಿಟ್ಟಾದರು. ಮನೆ ಸುಟ್ಟು ಹೊಲ ಹಾಳಾಗಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಬರೆದರು. ಆಸ್ತಿಗಿಂತ ಮಾನ ದೊಡ್ಡದು ಎಂದ ಆ ಮಾತು ನಿಜವಾಗಿಯೂ ದೊಡ್ಡದು. ಆದರೆ ಹೋದ ಹದಿನೇಳು ಜನ ಅವರ ಲೆಕ್ಕದಲ್ಲಿ ಆಗಲೂ ಆಸ್ತಿಯೇ. ಯುದ್ಧ ಗೆದ್ದ ಮೇಲೆ ಅವರಲ್ಲಿ ಕೆಲವರನ್ನು ಹಿಡಿದು ಮರಳಿ ತಂದರು. ಡೆಬೊರಾ ಸಿಗಲಿಲ್ಲ. 1783ರಲ್ಲಿ ಗಂಡನ ಜೊತೆ ಹಡಗು ಹತ್ತಿ ಕೆನಡಾದ ನೋವಾ ಸ್ಕೋಷಿಯಾ ಸೇರಿದಳು.

ವಾಷಿಂಗ್ಟನ್ ಈ ಲೆಕ್ಕವನ್ನು ಕೊನೆಗೆ ಸ್ವಲ್ಪ ಸರಿಮಾಡಿದರು. 1799ರ ಜುಲೈನಲ್ಲಿ ಬರೆದ ಉಯಿಲಿನಲ್ಲಿ ತಮಗೆ ಸೇರಿದ 123 ಜನರಿಗೆ ತಮ್ಮ ಹೆಂಡತಿಯ ಕಾಲಾನಂತರ ಬಿಡುಗಡೆ, ಮುದುಕರಿಗೆ ಅನ್ನಬಟ್ಟೆ, ದಿಕ್ಕಿಲ್ಲದ ಮಕ್ಕಳಿಗೆ ಓದು ಮತ್ತು ಕಸುಬು ಎಂದು ಬರೆದರು. ಹೆಂಡತಿ ಮಾರ್ಥಾ ತಮ್ಮ ಸಾವಿನವರೆಗೆ ಕಾಯದೆ 1801ರ ಜನವರಿ 1ರಂದೇ ಅವರನ್ನು ಬಿಟ್ಟರು. ಮಾರ್ಥಾ ಅವರ ಮೊದಲ ಗಂಡನ ಆಸ್ತಿಗೆ ಸೇರಿದ ಗುಲಾಮರಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ. ತಡವಾಯಿತು, ಪೂರ್ತಿಯೂ ಆಗಲಿಲ್ಲ.

ಈಗ ನನ್ನ ಮಾತು. ನಾನು ದಂಡಿಗೆ ಹೋದವನಲ್ಲ, ನೌಕರಿಗೆ ಹೋದವನು. ಅಪ್ಪ ತೀರಿಕೊಂಡ ಮೇಲೆ ಹದಿನಾರು ಎಕರೆ ಹೊಲವನ್ನು ನನ್ನ ತಮ್ಮ ನೋಡಿಕೊಂಡ. ನಾನು ಕಾಲುವೆ ಕೆಲಸದ ಕ್ಯಾಂಪಿನಲ್ಲಿ ಕೂತು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ. ನಿವೃತ್ತನಾಗಿ ಊರಿಗೆ ಬಂದಾಗ ತಮ್ಮ ಆ ಕಟ್ಟನ್ನು ಟ್ರಂಕಿನಿಂದ ತೆಗೆದುಕೊಟ್ಟ. ಒಂದು ರಾತ್ರಿ ಕೂತು ಎಲ್ಲ ಓದಿದೆ. ಬದು ಎಷ್ಟು ಎತ್ತರ, ಜೋಳ ಯಾವಾಗ ಬಿತ್ತಬೇಕು, ಎತ್ತಿನ ಕಾಲುಬೇನೆಗೆ ಯಾವ ಔಷಧ, ಬಾವಿಯ ಪಂಪಿಗೆ ಎಷ್ಟು ಪೈಪು, ಎಲ್ಲವೂ ಇದೆ. ಮಠಕ್ಕೆ ಎರಡು ಚೀಲ ಜೋಳ ತಪ್ಪದೆ ಮುಟ್ಟಿಸು ಎಂದೂ ಇದೆ. ಇಪ್ಪತ್ತೆರಡು ವರ್ಷ ನಮ್ಮಲ್ಲಿ ಸಂಬಳಕ್ಕಿದ್ದು ಆ ಬದು ಹಾಕಿದ, ಆ ಜೋಳ ಬಿತ್ತಿದ ಮನುಷ್ಯನ ಹೆಸರು ಒಂದೇ ಒಂದು ಪತ್ರದಲ್ಲೂ ಇಲ್ಲ.

ತಮ್ಮನನ್ನು ಕೇಳಿದೆ. ಅವನು ಹೇಳಿದ: "ಕಾಗದ ಬಂದಾಗೆಲ್ಲ ಅಂವ ಕಟ್ಟಿ ಹತ್ರ ಬಂದು ನಿಂದ್ರತಿದ್ದ ಅಣ್ಣ. ದೊಡ್ಡ ಧಣ್ಯಾರು ನನ್ನ ಬಗ್ಗೆ ಏನರ ಬರದಾರೇನ್ರಿ ಅಂತ ಕೇಳತಿದ್ದ. ನಾ ಏನ್ ಹೇಳ್ಲಿ? ಹೂಂ, ಕೇಳ್ಯಾರ, ಆರಾಮ ಇದ್ದೀಯಂತ ಕೇಳ್ಯಾರ ಅಂತಿದ್ದೆ."

ನನ್ನ ತಮ್ಮ ಇಪ್ಪತ್ತೆರಡು ವರ್ಷ ನನ್ನ ಪರವಾಗಿ ಸುಳ್ಳು ಹೇಳಿದ. ನನ್ನ ಮಾನ ಕಾಯ್ದದ್ದು ಆ ಸುಳ್ಳು. ಆ ಮನುಷ್ಯ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅವನ ಮನೆಗೆ ಹೋದೆ. ಅವನ ಹೆಂಡತಿ ಚಾಪೆ ಹಾಸಿ, ನೀರು ಕೊಟ್ಟು, "ನಿಮ್ಮನ್ನ ಭಾಳ ನೆನಸತಿದ್ರು" ಎಂದರು. ನನಗೆ ಆ ನೀರು ಗಂಟಲಲ್ಲಿ ಇಳಿಯಲಿಲ್ಲ. ಮೊಮ್ಮಗಳ ಓದಿನ ಖರ್ಚು ಈಗ ನಮ್ಮ ಹೊಲದ್ದು. ಇದನ್ನು ದಾನವೆಂದು ಹೇಳಿಕೊಳ್ಳಲು ನನಗೆ ಬಾಯಿಲ್ಲ. ಇದು ಬಾಕಿ.

ಬಂಧುಗಳೇ, ಇಂದು ನಮ್ಮ ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹೊರದೇಶದಲ್ಲಿ ಇದ್ದಾರೆ. ಫೋನಿನಲ್ಲೇ ಹೊಲ ನಡೆಸುತ್ತಾರೆ. ಮಳೆ ಕೇಳುತ್ತಾರೆ, ದರ ಕೇಳುತ್ತಾರೆ. ದೂರದಿಂದ ಹೊಲ ನಡೆಸುವುದು ತಪ್ಪಲ್ಲ. ದುಡಿಯುವವರ ಹೆಸರು, ಅವರ ಕೂಲಿ, ಅವರ ಮನೆಯ ಕ್ಷೇಮ, ಈ ಮೂರನ್ನೂ ಕೇಳಿ ಫೋನ್ ಇಡಿ ಎಂದು ಅವರಿಗೆ ಹೇಳಿ. ಕೇಳುವುದಕ್ಕೆ ಒಂದು ನಿಮಿಷ ಸಾಕು. ನಾನು ಇಪ್ಪತ್ತೆರಡು ವರ್ಷ ಕೇಳಲಿಲ್ಲ.