ಲೈನ್‌ಮನೆಯ ಸಂಜೆ

ಹಾಸ್ಟೆಲಿನ ಗೆಳೆಯರೇ,

ಕೊಡಗಿನ ಕಾಫಿತೋಟದ ಲೈನ್‌ಮನೆಗಳಿಗೆ ಸಂಜೆ ಹೊತ್ತು ಹೋಗಿ ನೋಡಿ. ಎರವರ, ಜೇನುಕುರುಬರ ಮಕ್ಕಳು ಶಾಲೆಯಿಂದ ಬಂದಿರ್ತಾರೆ. ಅಪ್ಪ ಅವ್ವ ತೋಟದಿಂದ ಬಂದಿರಲ್ಲ. ಜನವರಿಯಿಂದ ಮಾರ್ಚಿವರೆಗೆ ರೊಬಸ್ಟಾ ಕುಯ್ಲು. ಆಗ ದೊಡ್ಡ ಹುಡುಗಿ ಶಾಲೆ ಬಿಟ್ಟು ತಮ್ಮ ತಂಗಿಯರನ್ನು ಕಾಯ್ತಾಳೆ. ಪರೀಕ್ಷೆ ಬರೋದೂ ಆಗಲೇ. ‘ಇವಕ್ಕೆ ಓದು ಹತ್ತಲ್ಲ’ ಅಂತಾರೆ. ಹತ್ತೋದು ಹೇಗೆ? ಮನೇಲಿ ಎರವ ಮಾತು, ಪುಸ್ತಕದಲ್ಲಿ ಕನ್ನಡ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದರು. ಅದನ್ನು ಕಣ್ಣಾರೆ ಕಂಡ ಮಗುವಿಗೆ ಮಗ್ಗಿ ಒಂದೇ ಸಾಕಾ? ಮೊದಲು ಹೆದರಿಕೆ ಹೋಗಬೇಕು. ಆಡಬೇಕು, ತನ್ನ ಮಾತಲ್ಲೇ ಕಥೆ ಹೇಳಬೇಕು. ಆಮೇಲೆ ಕಾಗುಣಿತ.

ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರುವರ್ಷ ಸೊಲ್ಲಾಪುರದಲ್ಲಿ ಅದರ ಹಾಸ್ಟೆಲ್ ಶುರುವಾಯಿತು. ಕೂತು ಓದಲು ಜಾಗ ಬೇಕು ಅನ್ನೋದು ಅಷ್ಟು ಹಳೇ ಮಾತು. ನಮಗೆ ದೀಪ, ಬೆಂಚು, ಜೊತೆಗಾರರು ಸಿಕ್ಕರು. (ಅನ್ನ ಅರೆಬೆಂದದ್ದು, ಅದು ಬೇರೆ ಮಾತು.)

ರಜೆಗೆ ಊರಿಗೆ ಹೋಗೋರು ದಿನಾ ಎರಡು ಗಂಟೆ ಹಾಡಿಯಲ್ಲಿ ಚಾಪೆ ಹಾಕಿ ಕೂತುಕೊಳ್ಳಿ. ಹತ್ತನೇ ಕ್ಲಾಸು ಓದಿದ ಎರವ ಹುಡುಗಿ ಇದ್ದರೆ ಅವಳೇ ಮೇಡಂ, ನೀವು ಸಹಾಯಕರು. ಹಾಜರಿ ಕೂಗಬೇಡಿ. ಬಾರದ ಮಗುವಿನ ಮನೆಗೆ ನೀವೇ ಹೋಗಿ.