ಯೊಕೊಜುನಾ ಎಷ್ಟು ಕ್ವಿಂಟಾಲ್?



ಇವತ್ತು ಒಂದು ರಟ್ಟಿನ ಚೂರಿನ ಬೆಲೆಯಿಂದ ಶುರು ಮಾಡ್ತೀನಿ. 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಕಾರ್ಡು ಹರಾಜಾಯ್ತು. ಮಿಕಿ ಮ್ಯಾಂಟಲ್ ಅನ್ನೋ ಆಟಗಾರನ ಚಿತ್ರ ಇರೋ, 1952ರಲ್ಲಿ ಟಾಪ್ಸ್ ಕಂಪನಿ ಅಚ್ಚು ಹಾಕಿದ ಕಾರ್ಡು. ಅಂಗೈ ಒಳಗೆ ಮುಚ್ಚಿಟ್ಟುಕೊಳ್ಳಬಹುದು, ಅಷ್ಟೇ ಗಾತ್ರ. ಹೋದ ಬೆಲೆ 1.26 ಕೋಟಿ ಡಾಲರ್. ನಮ್ಮ ದುಡ್ಡಲ್ಲಿ ಆಗ ಸುಮಾರು 100 ಕೋಟಿ ರೂಪಾಯಿ!

ತಮಾಷೆ ಏನು ಗೊತ್ತಾ? ಆ ಸರಣಿಯ ಕಾರ್ಡುಗಳು ಆ ವರ್ಷ ಪೂರ್ತಿ ಖರ್ಚಾಗಲೇ ಇಲ್ಲ. ಪೆಟ್ಟಿಗೆಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ವು. 1960ರಲ್ಲಿ ಅವನ್ನೆಲ್ಲ ಹಡಗಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದ್ವಿ ಅಂತ ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಸಮುದ್ರಕ್ಕೆ ಹೋಗಿದ್ದು ಹೋಯ್ತು, ಉಳಿದಿದ್ದಕ್ಕೆ ಚಿನ್ನದ ಬೆಲೆ ಬಂತು. ಆಮೇಲೆ ಅಲ್ಲಿ ಎಲ್ಲರೂ ಬುದ್ಧಿವಂತರಾದರು. 80ರ ದಶಕದ ಕೊನೆಗೆ ಮಕ್ಕಳು, ದೊಡ್ಡವರು ಎಲ್ಲ ಕಾರ್ಡುಗಳನ್ನು ಜೋಪಾನವಾಗಿ ಎತ್ತಿಡೋಕೆ ಶುರು ಮಾಡಿದರು. ಕಂಪನಿಗಳೂ ಸಿಕ್ಕಾಪಟ್ಟೆ ಅಚ್ಚು ಹಾಕಿದವು. ಎಲ್ಲರ ಮನೆಯಲ್ಲೂ ಇದ್ದರೆ ಕೊಳ್ಳೋರು ಯಾರು? ಆ ಕಾಲದ ಬಹುಪಾಲು ಕಾರ್ಡಿಗೆ ಇವತ್ತು ಕಾಸಿನ ಬೆಲೆ ಇಲ್ಲ.

ನನಗೆ ಈ ಎತ್ತಿಡೋ ವಿಷಯವೇ ಅರ್ಥ ಆಗಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಟ್ಟ ಕಾರ್ಡು ಕಾರ್ಡೇನಾ? ನಾನು ಬೆಳೆದಿದ್ದು ತಿಪಟೂರಿನಲ್ಲಿ, 90ರ ದಶಕದಲ್ಲಿ. ನಮ್ಮ ಕಾರ್ಡುಗಳು ಮೂಲೆ ಮಡಿಸಿ, ಎಣ್ಣೆ ಕೈ ಮೆತ್ತಿ, ಜೇಬಿನಲ್ಲೇ ಒಗೆತಕ್ಕೆ ಹೋಗಿ ಬಂದು ಮೆತ್ತಗಾಗಿರೋವು. ಯಾಕಂದ್ರೆ ಅವು ಆಡೋ ಕಾರ್ಡು. ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡು. ಹೌದು, ಆಗ ಕೊನೆಗೆ 'ಎಫ್' ಇತ್ತು. 'ಇ' ಆಗಿದ್ದು 2002ರಲ್ಲಿ.

ಆಡಿ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಒಂದೊಂದು ಕಾರ್ಡಲ್ಲಿ ಒಬ್ಬ ಕುಸ್ತಿಪಟುವಿನ ಫೋಟೊ, ಕೆಳಗೆ ಅಂಕಿಗಳು: ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್, ಎಷ್ಟು ಫೈಟ್ ಆಡಿದ, ಎಷ್ಟು ಗೆದ್ದ. ಕಾರ್ಡುಗಳನ್ನು ಸಮ ಹಂಚಬೇಕು. ಮೇಲಿನ ಒಂದು ಕಾರ್ಡು ಮಾತ್ರ ನೋಡ್ಕೋಬೇಕು. ಸರದಿ ಇರೋನು 'ತೂಕ' ಅಂತಾನೋ 'ಎತ್ತರ' ಅಂತಾನೋ ಒಂದನ್ನು ಕೂಗಬೇಕು. ಯಾರ ಅಂಕಿ ದೊಡ್ಡದೋ ಆ ಸುತ್ತಿನ ಕಾರ್ಡೆಲ್ಲ ಅವನಿಗೆ. ರ‍್ಯಾಂಕಿನಲ್ಲಿ ಮಾತ್ರ ಉಲ್ಟಾ, ಚಿಕ್ಕ ಅಂಕಿಗೆ ಗೆಲುವು. ಕೈಯಲ್ಲಿ ಯೊಕೊಜುನಾ ಇದ್ದರೆ ಕಣ್ಣು ಮುಚ್ಚಿಕೊಂಡು ತೂಕ ಕೂಗು. ಜೈಂಟ್ ಗೊನ್ಜಾಲೆಸ್ ಇದ್ದರೆ ಎತ್ತರ. ಬಡಪಾಯಿ ಕಾರ್ಡು ಬಂದಾಗಲೇ ಕಷ್ಟ ಇರೋದು, ಬುದ್ಧಿ ಬೇಕಿರೋದೂ ಅಲ್ಲೇ.

ನಮ್ಮ ಮನೆಗೆ ಕಟ್ಟು ತಂದುಕೊಟ್ಟಿದ್ದು ಬೆಂಗಳೂರಲ್ಲಿದ್ದ ಸೋದರಮಾವ, ಮೆಜೆಸ್ಟಿಕ್ ಫುಟ್‌ಪಾತಿನಿಂದ. 30 ಕಾರ್ಡು. ತಂದಿದ್ದು ನನಗೇ. ಆದರೆ ಆಡೋಕೆ ನನ್ನನ್ನು ಯಾರೂ ಸೇರಿಸ್ಕೊಳ್ತಿರಲಿಲ್ಲ. 'ನೀನು ಹುಡುಗಿ, ಹೋಗಿ ಕುಂಟೆಬಿಲ್ಲೆ ಆಡು' ಅನ್ನೋನು ಅಣ್ಣ. ಕಾರ್ಡು ಮಾತ್ರ ನನ್ನದೇ ಬೇಕು! ಅಮ್ಮನದು ಇನ್ನೊಂದು ರಾಗ: 'ಇಸ್ಪೀಟು ಹೊಕ್ಕ ಮನೆ ಉದ್ಧಾರ ಆಗಲ್ಲ.'

ಜಗಲಿಯ ಇನ್ನೊಂದು ತುದಿಯಲ್ಲಿ ನನ್ನ ಹಾಗೇ ನೋಡ್ತಾ ಕೂರೋ ಹುಡುಗ ಒಬ್ಬ ಇದ್ದ. ನನ್ನದೇ ಕ್ಲಾಸು. ಅವನ ಅಪ್ಪ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಅವನ ಹತ್ರ ಒಂದು ಕಾರ್ಡೂ ಇರಲಿಲ್ಲ. ಕಾರ್ಡು ಇಲ್ಲದೋರನ್ನು ಆಟಕ್ಕೆ ಸೇರಿಸ್ತಿರಲಿಲ್ಲ, ಅದು ನಮ್ಮ ಬೀದಿಯ ಕಾನೂನು. ಆದರೆ ನೋಡಿ ನೋಡೀ ಅವನಿಗೆ 30 ಕಾರ್ಡಿನ ಎಲ್ಲ ಅಂಕಿಯೂ ಬಾಯಿಪಾಠ ಆಗಿತ್ತು. ಜಗಳ ಬಂದಾಗ ಹುಡುಗರು ಕಾರ್ಡು ತಿರುಗಿಸಿ ನೋಡ್ತಿರಲಿಲ್ಲ, ಅವನನ್ನೇ ಕೇಳೋರು. ನಾವೆಲ್ಲ ಅವನನ್ನು 'ಕಂಪ್ಯೂಟರ್' ಅಂತ ಕರೀತಿದ್ವಿ. ಆಗ ತಿಪಟೂರಲ್ಲಿ ನಿಜವಾದ ಕಂಪ್ಯೂಟರನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ ಅನ್ನೋದು ಬೇರೆ ಮಾತು.

ಕಾರ್ಡು ನನ್ನದು, ತಲೆ ಅವನದು. ನಾವಿಬ್ಬರೂ ಜೋಡಿ ಆಗ್ತೀವಿ, ಇಲ್ಲಾಂದ್ರೆ ಕಟ್ಟು ಕೊಡಲ್ಲ ಅಂತ ನಾನು ಹಟ ಹಿಡಿದೆ. ಅಣ್ಣ ಒಪ್ಪಲೇಬೇಕಾಯ್ತು. ನಾನು ಕಾರ್ಡು ಹಿಡಿದುಕೊಂಡರೆ ಅವನು ಹಿಂದೆ ಕೂತು ಕಿವಿಯಲ್ಲಿ ಹೇಳೋನು: 'ದೊಡ್ಡ ಬೈಸೆಪ್ಸ್ ನಾಲ್ಕೂ ನಮ್ಮ ಹತ್ರಾನೇ ಇದಾವೆ, ಧೈರ್ಯವಾಗಿ ಕೂಗು.' ಯಾವ ಕಾರ್ಡು ಯಾರ ಕೈಗೆ ಹೋಯ್ತು ಅನ್ನೋದೆಲ್ಲ ಅವನ ತಲೆಯಲ್ಲಿ ಇರ್ತಿತ್ತು. ಆ ಬೇಸಿಗೆ ರಜೆಯಲ್ಲಿ ನಾವು ಸೋತಿದ್ದು ಬಹಳ ಕಮ್ಮಿ.

ನಮ್ಮ ದೊಡ್ಡ ತಲೆನೋವು ಅಂದ್ರೆ ಪೌಂಡು. ತೂಕ ಎಲ್ಲ ಪೌಂಡಲ್ಲಿ ಇರೋದು. ಯೊಕೊಜುನಾ 505 ಪೌಂಡ್ ಅಂತ ಟೀವಿಯಲ್ಲಿ ಕೂಗೋರು. 505 ಅಂದ್ರೆ ಎಷ್ಟಪ್ಪಾ? ಯಾರಿಗೂ ಗೊತ್ತಿಲ್ಲ. ಕಂಪ್ಯೂಟರ್ ಮಂಡಿಗೆ ಹೋಗಿ ಗುಮಾಸ್ತರನ್ನು ಕೇಳಿಕೊಂಡು ಬಂದ. ನೂರು ಕೆಜಿಗೆ 220 ಪೌಂಡು. ನೆಲದ ಮೇಲೆ ಇದ್ದಿಲಲ್ಲಿ ಲೆಕ್ಕ ಮಾಡಿ, 'ಎರಡು ಕ್ವಿಂಟಾಲ್ ಮೂವತ್ತು ಕೆಜಿ' ಅಂದ. ಆಗ ನಮಗೆ ಯೊಕೊಜುನಾ ಕಣ್ಣಿಗೆ ಕಂಡ. ಕೊಬ್ಬರಿ ಮೂಟೆ ಪೇರಿಸಿಟ್ಟ ಹಾಗೆ ಒಬ್ಬ ಮನುಷ್ಯ!

ಈ ಅಂಕಿಗಳಲ್ಲಿ ಎಷ್ಟೋ ಉಬ್ಬಿಸಿದ್ದು ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಎಂಟು ಅಡಿ ಅಂತ ಹೇಳ್ತಿದ್ದ ಜೈಂಟ್ ಗೊನ್ಜಾಲೆಸ್ ಅರ್ಜೆಂಟೀನಾದ ಬ್ಯಾಸ್ಕೆಟ್‌ಬಾಲ್ ಆಟಗಾರ. 1988ರಲ್ಲಿ ಅಟ್ಲಾಂಟಾ ಹಾಕ್ಸ್ ತಂಡ ಅವನನ್ನು ಆರಿಸಿಕೊಂಡಿತ್ತು. ನಿಜವಾದ ಎತ್ತರ ಏಳೂವರೆ ಅಡಿ ಆಸುಪಾಸು. ಜಪಾನಿನ ಸುಮೊ ಅಂತ ನಾವು ನಂಬಿದ್ದ ಯೊಕೊಜುನಾ ಸಮೋವಾ ಮೂಲದ ಅಮೆರಿಕದವನು. ಇನ್ನು ಅಂಡರ್‌ಟೇಕರ್. ಅವನಿಗೆ ಏಳು ಜೀವ ಅಂತ ಇಡೀ ಬೀದಿ ನಂಬಿತ್ತು. 1996ರ 'ಖಿಲಾಡಿಯೋಂ ಕಾ ಖಿಲಾಡಿ' ಸಿನಿಮಾದಲ್ಲಿ ಅಕ್ಷಯ್ ಕುಮಾರ್ ಅವನನ್ನೇ ಹೊಡೆದುಹಾಕಿದ ಅಂತ ನಮ್ಮ ಬೀದಿಯಲ್ಲಿ ಎಂಥಾ ಚರ್ಚೆ! ಅಲ್ಲಿದ್ದೋನು ನಿಜವಾದ ಅಂಡರ್‌ಟೇಕರ್ ಅಲ್ಲ, ಬ್ರಯಾನ್ ಲೀ ಅನ್ನೋ ಬೇರೆ ಕುಸ್ತಿಪಟು. 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ನಕಲಿ ಅಂಡರ್‌ಟೇಕರ್ ಆಗಿ ಬಂದವನೂ ಇವನೇ. ಅಂಡರ್‌ಟೇಕರ್ ಅಂದ್ರೆ ಹೆಣದ ಕೆಲಸ ನೋಡಿಕೊಳ್ಳೋನು ಅಂತ ನನಗೆ ಗೊತ್ತಾಗಿದ್ದು ಪಿಯುಸಿಯಲ್ಲಿ.

ಸರಿ. ಕಟ್ಟು ಎಷ್ಟು ದಿನ ಉಳಿಯುತ್ತೆ? ಸ್ಕೂಲ್ ಶುರುವಾಗಿ ಹದಿನೈದೇ ದಿನಕ್ಕೆ ಮೇಷ್ಟ್ರ ಕೈಗೆ ಸಿಕ್ಕಿತು. ಇಸ್ಪೀಟು ಅಂತ ಹೆಸರಿಟ್ಟು ಬೀರುವಿನಲ್ಲಿ ಹಾಕಿ ಬೀಗ ಹಾಕಿದರು. ವರ್ಷ ಮುಗಿದರೂ ವಾಪಸ್ ಬರಲಿಲ್ಲ. ಇನ್ನೊಂದು ಕಟ್ಟು ಕೊಡಿಸಿ ಅಂತ ಮನೆಯಲ್ಲಿ ಕೇಳೋ ಧೈರ್ಯ ಅಣ್ಣನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಒಂದು ಭಾನುವಾರ ಕಂಪ್ಯೂಟರ್ ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದ. ಹಳೇ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ 30 ಕಾರ್ಡು ಮಾಡಿದ್ದ. ಮೂವತ್ತೂ. ಒಂದು ಅಂಕಿ ಬಿಟ್ಟಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಬರ್ತಿರಲಿಲ್ಲ, ಹೆಸರೆಲ್ಲ ಕನ್ನಡದಲ್ಲೇ: 'ಹಲ್ಕ್ ಹೋಗನ್', 'ಬ್ರೆಟ್ ಹಾರ್ಟ್'. ಫೋಟೊ ಜಾಗದಲ್ಲಿ ಬಾಲ್‌ಪೆನ್ನಿನ ಚಿತ್ರ. ಹಿಂದೆ ತಿರುಗಿಸಿದರೆ ಅರ್ಧ ಗಣಪತಿ, ಮುಕ್ಕಾಲು 'ಶುಭ ವಿವಾಹ', ಯಾರದೋ ಮದುವೆಯ ಮುಹೂರ್ತ. ಒಂದು ತೊಂದರೆ ಇತ್ತು. ಹಿಂದಿನ ಅಚ್ಚು ನೋಡಿದರೇ ಯಾವ ಕಾರ್ಡು ಅಂತ ಗೊತ್ತಾಗಿಬಿಡೋದು. ಅದಕ್ಕೆ ಎಲ್ಲದಕ್ಕೂ ಹಿಂದೆ ನ್ಯೂಸ್‌ಪೇಪರ್ ಅಂಟಿಸಿದ್ವಿ.

ಡಬ್ಬಿಯಲ್ಲಿ 31ನೇದೊಂದು ಕಾರ್ಡು ಇತ್ತು. ಅವನ ಅಪ್ಪಂದು.

ಎತ್ತರ 5 ಅಡಿ 3 ಇಂಚು. ತೂಕ 114 ಪೌಂಡ್, ಅಂದ್ರೆ 52 ಕೆಜಿ. ರ‍್ಯಾಂಕ್ 31, ಯಾಕಂದ್ರೆ ಮೂವತ್ತರ ತನಕ ಎಲ್ಲ ಭರ್ತಿ. ಫೈಟ್ ಇರೋ ಜಾಗದಲ್ಲಿ 'ಎತ್ತಿದ ಮೂಟೆ' ಅಂತ ಬರೆದಿದ್ದ. ದಿನಕ್ಕೆ 60, ವರ್ಷಕ್ಕೆ 250 ದಿನ, 14 ವರ್ಷ. ಒಟ್ಟು 2,10,000. ಗೆದ್ದಿದ್ದು? ಅದೂ 2,10,000. 'ಒಂದನ್ನೂ ಬೀಳಿಸಿಲ್ಲ' ಅಂದ.

ದೊಡ್ಡ ಗಲಾಟೆ ಆಯ್ತು. ಇದು ಮೋಸ ಅಂತ ಕೆಲವರು, ಮೂಟೆ ಎತ್ತೋದು ಕುಸ್ತಿ ಅಲ್ಲ ಅಂತ ಕೆಲವರು. ಅವನು ಏನೂ ಮಾತಾಡಲಿಲ್ಲ, ಕಾರ್ಡನ್ನು ಕೆಳಗೂ ಇಡಲಿಲ್ಲ. ಕೊನೆಗೆ ತೀರ್ಪು ಕೊಟ್ಟಿದ್ದು ನಮ್ಮಣ್ಣ: 'ತೂಕ, ಎತ್ತರ, ರ‍್ಯಾಂಕು ಎಲ್ಲದರಲ್ಲೂ ಸೋಲುತ್ತೆ ತಾನೆ? ಎರಡರಲ್ಲಿ ಗೆದ್ದರೆ ಗೆಲ್ಲಲಿ ಬಿಡ್ರೋ.' ಆಮೇಲೆ ಎಲ್ಲರಿಗೂ ಅದೇ ಕಾರ್ಡು ಬೇಕು! ಅಂಡರ್‌ಟೇಕರ್ ಬಂದರೂ ಅಷ್ಟು ಖುಷಿ ಇಲ್ಲ.

ಆಮೇಲಿಂದು ಬೇಗ ಮುಗಿಯುತ್ತೆ. ಏಳನೇ ಕ್ಲಾಸ್ ಆದ ಮೇಲೆ ಅವನು ಸ್ಕೂಲಿಗೆ ಬರಲಿಲ್ಲ, ಮಂಡಿ ಸೇರಿದ. ಡಬ್ಬಿ ನಮ್ಮನೆಯಲ್ಲೇ ಉಳೀತು. 1999ರ ವಿಶ್ವಕಪ್ ಹೊತ್ತಿಗೆ ಬೀದಿ ಹುಡುಗರೆಲ್ಲ ಬಿಸ್ಕೆಟ್ ಪ್ಯಾಕಿನ ಮೇಲಿನ ರನ್ ಕತ್ತರಿಸಿ ಕೂಡಿಹಾಕ್ತಾ ಇದ್ರು. ಟಾಂಟನ್‌ನಲ್ಲಿ ದ್ರಾವಿಡ್ 145 ಹೊಡೆದ ದಿನ ಕುಸ್ತಿ ಯಾರಿಗೂ ನೆನಪಿರಲಿಲ್ಲ.

ಹೋದ ವರ್ಷ ಊರಿನ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಡಬ್ಬಿ ಇಳೀತು. 31ರಲ್ಲಿ ಉಳಿದಿದ್ದು 11. ಇಲಿ ಕಡಿದಿದ್ದು, ನೀರು ಕುಡಿದಿದ್ದು ಎಲ್ಲ ಹೋಗಿ. ಅಪ್ಪನ ಕಾರ್ಡು ಇತ್ತು. ಅಣ್ಣನ ಹತ್ರ ನಂಬರ್ ಇಸ್ಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದೆ. ಎರಡು ದಿನ ನೀಲಿ ಗೆರೆ ಮಾತ್ರ, ಉತ್ತರ ಇಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. 'ನೀವು ಇನ್ನೂ ಇಟ್ಕೊಂಡಿದೀರಾ?' ಅಂತ. ಮೊದಲು 'ನೀನು' ಅಂತಿದ್ದೋನು ಈಗ 'ನೀವು' ಅಂದಿದ್ದು ನನಗೆ ಚುಚ್ಚಿತು. ಅಪ್ಪ ತೀರಿಕೊಂಡು ಆರು ವರ್ಷ ಆಯ್ತಂತೆ. ಅವರದ್ದು ರೇಷನ್ ಕಾರ್ಡಿನ ಫೋಟೊ ಬಿಟ್ಟರೆ ಮನೆಯಲ್ಲಿ ಬೇರೆ ಚಿತ್ರ ಇಲ್ಲವಂತೆ. 'ಆ ಕಾರ್ಡು ಕೊಡ್ತೀರಾ?' ಅಂದ.

ಕೊಡ್ತೀನಿ. ಅದು ಯಾವತ್ತಿದ್ದರೂ ಅವನದೇ. ಆದರೆ ಸುಮ್ಮನೆ ಕೊಟ್ಟರೆ ಅವನು ತಗೊಳಲ್ಲ, ಆ ಸ್ವಭಾವ ನನಗೆ ಗೊತ್ತು. ಅದಕ್ಕೆ ಬದಲಿಗೆ ಏನು ಕೊಡ್ತೀಯ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ವಾಯ್ಸ್ ಮೆಸೇಜ್. ನಗ್ತಾ ಇದ್ದ. 'ಯೊಕೊಜುನಾ ಬರ್ಕೊಡ್ತೀನಿ. 505 ತಾನೆ?'

ಮುಂದಿನ ತಿಂಗಳು ತಿಪಟೂರಿಗೆ ಹೋಗ್ತಿದ್ದೀನಿ. ಮತ್ತೆ ಸಿಗೋಣ.