ರಂಟೆಗೆ ಸಿಕ್ಕ ಸಂತ

ಮುಧೋಳ, ಜಮಖಂಡಿ ಕಡೆಯ ಎರೆಹೊಲದಲ್ಲಿ ರಂಟೆ ಹೊಡೆಯುವಾಗ ವೀರಗಲ್ಲೋ ನಾಗರಕಲ್ಲೋ ಸಿಕ್ಕರೆ ಅದು ಸುದ್ದಿಯೇನಲ್ಲ. ತೊಳೆದು, ಕುಂಕುಮ ಹಚ್ಚಿ, ಬೇವಿನ ಬುಡಕ್ಕೆ ಇಡುತ್ತೇವೆ. ಮೈಸೂರು ಜಿಲ್ಲೆ ಕೆ.ಆರ್. ನಗರದ ಹತ್ತಿರ ಡೋರ್ನಹಳ್ಳಿಯಲ್ಲೂ ಒಬ್ಬ ರೈತನಿಗೆ ಹೀಗೇ ಒಂದು ಮರದ ವಿಗ್ರಹ ಸಿಕ್ಕಿತಂತೆ. ಮಕ್ಕಳು ಗೊಂಬೆಯೆಂದು ಆಡಿಕೊಂಡರು, ಮನೆಗೆ ಕಷ್ಟ ಬಂತು, ಕನಸಿನಲ್ಲಿ ಗುಡಿ ಕಟ್ಟೆಂಬ ಮಾತು ಕೇಳಿತು. ಇದು ಜನ ಹೇಳುವ ಕಥೆ.

ಆ ವಿಗ್ರಹ ಸಂತ ಅಂತೋಣಿಯವರದು. ಹುಟ್ಟಿದ್ದು 1195ರಲ್ಲಿ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ. ಮೊದಲ ಹೆಸರು ಫರ್ನಾಂಡೊ. ಮೊರಾಕ್ಕೊದಲ್ಲಿ ಮಡಿದ ಫ್ರಾನ್ಸಿಸ್ಕನ್ ಸನ್ಯಾಸಿಗಳ ದೇಹಗಳು ತಾನಿದ್ದ ಕೊಯಿಂಬ್ರಾ ಊರಿಗೆ ಬಂದದ್ದನ್ನು ಕಂಡು ತಾನೂ ಅದೇ ದಾರಿ ಹಿಡಿದರು. ಮೊರಾಕ್ಕೊಗೆ ಹೋದರೆ ಕಾಯಿಲೆ. ಮರಳುವಾಗ ಬಿರುಗಾಳಿ ಹಡಗನ್ನು ಸಿಸಿಲಿಗೆ ತಳ್ಳಿತು. ಅಂದುಕೊಂಡದ್ದು ಯಾವುದೂ ಆಗಲಿಲ್ಲ! ಇಟಲಿಯಲ್ಲಿ ಒಮ್ಮೆ ಬೇರೆ ಯಾರೂ ಮಾತಾಡಲು ಒಪ್ಪದೆ ಇದ್ದಾಗ ಇವರನ್ನೇ ನಿಲ್ಲಿಸಿದರು. ಆ ದಿನದಿಂದ ದೊಡ್ಡ ಪ್ರವಚನಕಾರ. 1231ರ ಜೂನ್ 13ರಂದು ಪಡುವಾದ ಬಳಿ ತೀರಿಕೊಂಡರು. ವರ್ಷ ತುಂಬುವ ಮೊದಲೇ ಸಂತ ಪದವಿ.

ಕಳೆದ ವಸ್ತು ಹುಡುಕಿಕೊಡುವ ಸಂತರೆಂದು ಲೋಕದಲ್ಲೆಲ್ಲ ನಂಬಿಕೆ. ಮಂಗಳವಾರ ಅವರ ವಾರ. 2019ರಲ್ಲಿ ಬೆಸಿಲಿಕಾ ಆದ ಡೋರ್ನಹಳ್ಳಿಗೆ ಹಿಂದೂಗಳೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ಕಥೆ ನಿಜವೋ ಸುಳ್ಳೋ, ನನಗೆ ಅದು ಮುಖ್ಯವಲ್ಲ. ಲಿಸ್ಬನ್ನಿನ ಪಂಡಿತನನ್ನು ನಮ್ಮ ಜನ ಒಪ್ಪಿಕೊಂಡದ್ದು ಅವರ ಪಾಂಡಿತ್ಯಕ್ಕಲ್ಲ, ಒಕ್ಕಲಿಗನ ಹೊಲದಲ್ಲಿ ಸಿಕ್ಕರು ಎಂಬುದಕ್ಕೆ.